ಬಳಸಿದ ಟ್ರೈಪಾಡ್ ಖರೀದಿ: ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಚನ್ನಪಟ್ಟಣದ ಆಟಿಕೆಯಾಗಲಿ, ಇಳಕಲ್ಲಿನ ಸೀರೆಯಾಗಲಿ, ಪೀಣ್ಯದ ಕಾರ್ಖಾನೆಯಲ್ಲಿ ತಯಾರಾದ ಯಂತ್ರದ ಬಿಡಿಭಾಗವಾಗಲಿ, ದೂರದ ಖರೀದಿದಾರನನ್ನು ಇಂದು ಮೊದಲು ತಲುಪುವುದು ಅದರ ಛಾಯಾಚಿತ್ರವೇ. ಮಾದರಿ ಕಳುಹಿಸುವ ಮಾತಿಗಿಂತ ಮುಂಚೆ ಚಿತ್ರ ಕಳುಹಿಸಿರೆಂಬ ಕೋರಿಕೆ ಬರುತ್ತದೆ. ಚಿತ್ರ ಮಸುಕಾಗಿದ್ದರೆ ವಿಚಾರಣೆ ಅಲ್ಲಿಗೇ ನಿಂತುಹೋಗುವುದುಂಟು. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣದಿದ್ದ ವಿವರ ಸರಕಿನಲ್ಲಿ ಬೇರೆಯಾಗಿ ಕಂಡರೆ ಸರಕು ಹಿಂದಿರುಗುತ್ತದೆ. ಹೋಗಿಬರುವ ಸಾಗಣೆಯ ವೆಚ್ಚ ಬಹುಮಟ್ಟಿಗೆ ಮಾರಿದವರ ಲೆಕ್ಕಕ್ಕೇ ಬೀಳುತ್ತದೆ.

ಈ ಕಾರಣದಿಂದ ಅನೇಕ ಸಣ್ಣ ಉದ್ದಿಮೆದಾರರು ಉತ್ತಮ ಕ್ಯಾಮೆರಾ ಅಥವಾ ಮೊಬೈಲ್ ಫೋನಿಗಾಗಿ ಹಣ ವಿನಿಯೋಗಿಸಿದ್ದಾರೆ. ಆದರೆ ಅದನ್ನು ಹೊರುವ ಮೂರು ಕಾಲಿನ ಸ್ಟ್ಯಾಂಡಿನ, ಅಂದರೆ ಟ್ರೈಪಾಡಿನ ವಿಷಯದಲ್ಲಿ ಅಷ್ಟೇ ಗಮನ ಹರಿದಿಲ್ಲ. ಅಗ್ಗದ ಹಗುರ ಟ್ರೈಪಾಡ್ ಕೊಂಡು, ಅದು ಕೆಲವೇ ತಿಂಗಳಲ್ಲಿ ಸಡಿಲಗೊಂಡು ಮತ್ತೊಂದನ್ನು ಕೊಳ್ಳುವುದು ಸಾಮಾನ್ಯ. ಅದೇ ಹಣಕ್ಕೆ ಹಿಂದೊಮ್ಮೆ ಸ್ಟುಡಿಯೋ ಬಳಕೆಗೆಂದು ತಯಾರಾದ ಭಾರವಾದ, ದೃಢವಾದ ಟ್ರೈಪಾಡ್ ಬಳಸಿದ ವಸ್ತುಗಳ ಮಾರುಕಟ್ಟೆಯಲ್ಲಿ ದೊರೆಯುವ ಸಂಭವವಿದೆ. ಅದನ್ನು ಪರೀಕ್ಷಿಸಿ ಕೊಳ್ಳುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಟ್ರೈಪಾಡಿನ ಅಗತ್ಯವೇನು?

ಟ್ಯೂಬ್‌ಲೈಟಿನ ಬೆಳಕಿರುವ ಅಂಗಡಿ ಅಥವಾ ಗೋದಾಮು ಕಣ್ಣಿಗೆ ಬೆಳಕಾಗಿ ತೋರಿದರೂ ಕ್ಯಾಮೆರಾದ ಪಾಲಿಗೆ ಮಬ್ಬಾದ ಸ್ಥಳ. ವಸ್ತುವಿನ ಮುಂಭಾಗದಿಂದ ಹಿಂಭಾಗದವರೆಗೆ ಎಲ್ಲವೂ ಸ್ಫುಟವಾಗಿ ಮೂಡಬೇಕಾದರೆ ಲೆನ್ಸಿನ ರಂಧ್ರವನ್ನು ಕಿರಿದುಗೊಳಿಸಬೇಕು. ಛಾಯಾಗ್ರಾಹಕರ ಪರಿಭಾಷೆಯಲ್ಲಿ ಎಫ್/11ರಷ್ಟು. ಚಿತ್ರದಲ್ಲಿ ಕಾಳುಕಾಳಾದ ಕಲೆ ಮೂಡದಿರಲು ಐಎಸ್‌ಒ ಸಂವೇದನೆ 100ರ ಆಸುಪಾಸಿನಲ್ಲಿರಬೇಕು. ಇವೆರಡನ್ನೂ ಪಾಲಿಸಿದರೆ ಸಾಧಾರಣ ಒಳಾಂಗಣ ಬೆಳಕಿನಲ್ಲಿ ಷಟರ್ ಸುಮಾರು ಒಂದು ಸೆಕೆಂಡ್ ತೆರೆದಿರಬೇಕಾಗುತ್ತದೆ. 50 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದಾಗ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ನಿಧಾನವಾಗಿ ಚಿತ್ರ ತೆಗೆಯಬಾರದೆಂಬುದು ವೃತ್ತಿಯಲ್ಲಿ ರೂಢಿಯಲ್ಲಿರುವ ಸೂತ್ರ. ಒಂದು ಸೆಕೆಂಡ್ ಕಾಲ ಕೈ ಅಲುಗದಂತೆ ಹಿಡಿಯುವುದು ಯಾರಿಂದಲೂ ಸಾಧ್ಯವಿಲ್ಲ.

ಎರಡನೆಯ ಪ್ರಯೋಜನ ಏಕರೂಪತೆ. ಒಂದೇ ಆಟಿಕೆಯನ್ನು ಹತ್ತು ಬಣ್ಣಗಳಲ್ಲಿ ತಯಾರಿಸುವವರಿಗೆ ಹತ್ತೂ ಚಿತ್ರಗಳು ಒಂದೇ ಎತ್ತರ, ಒಂದೇ ಕೋನ, ಒಂದೇ ಗಾತ್ರದಲ್ಲಿ ಬೇಕು. ಅಮೆಜಾನ್‌ನಂತಹ ಮಾರಾಟ ತಾಣವು ಮುಖ್ಯ ಚಿತ್ರದ ಹಿನ್ನೆಲೆ ಶುದ್ಧ ಬಿಳಿಯಾಗಿರಬೇಕೆಂದೂ ವಸ್ತುವು ಚೌಕಟ್ಟಿನ ಶೇ. 85ರಷ್ಟನ್ನು ತುಂಬಬೇಕೆಂದೂ ಸೂಚಿಸುತ್ತದೆ. ಟ್ರೈಪಾಡಿನ ಮೂರು ಕಾಲುಗಳ ಸ್ಥಾನವನ್ನು ನೆಲದ ಮೇಲೆ ಟೇಪಿನಿಂದ ಗುರುತು ಹಾಕಿಟ್ಟರೆ ಆರು ತಿಂಗಳ ನಂತರ ಬರುವ ಹೊಸ ಬಣ್ಣದ ಆಟಿಕೆಯನ್ನೂ ಅದೇ ಚೌಕಟ್ಟಿನಲ್ಲಿ ತೆಗೆಯಬಹುದು. ಮೊಬೈಲ್ ಫೋನಿನಿಂದಲೇ ಚಿತ್ರ ತೆಗೆಯುವವರಿಗೂ ಇದು ಅನ್ವಯಿಸುತ್ತದೆ. ಫೋನ್ ಹಿಡಿಯುವ ಹೋಲ್ಡರಿನ ತಳದಲ್ಲಿ ಸಾಮಾನ್ಯವಾಗಿ ಕ್ಯಾಮೆರಾದ ತಳದಲ್ಲಿರುವ ಥ್ರೆಡ್ಡೇ ಇರುತ್ತದೆ.

ಹಳೆಯದು ಏಕೆ ಲಾಭಕರ?

ಕ್ಯಾಮೆರಾ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಆದರೆ ಸಾಂಪ್ರದಾಯಿಕ ಟ್ರೈಪಾಡಿನಲ್ಲಿ ವಿದ್ಯುನ್ಮಾನ ಭಾಗಗಳಿಲ್ಲ. ಕೊಳವೆ, ಎರಕದ ಕೀಲು, ಬೋಲ್ಟ್ ಮತ್ತು ಬುಷ್, ಇಷ್ಟೇ ಅದರ ರಚನೆ. ಕ್ಯಾಮೆರಾ ಕೂರಿಸುವ ಸ್ಕ್ರೂವಿನ ಅಳತೆಯೂ ದಶಕಗಳಿಂದ ಬದಲಾಗಿಲ್ಲ. ಸಾಮಾನ್ಯ ಕ್ಯಾಮೆರಾಗಳಿಗೆ ಕಾಲು ಇಂಚು ವ್ಯಾಸದ, ಇಂಚಿಗೆ 20 ಸುತ್ತಿನ ಥ್ರೆಡ್. ಭಾರವಾದ ಉಪಕರಣಗಳಿಗೂ ಟ್ರೈಪಾಡಿನ ಹೆಡ್ಡಿಗೂ ಮೂರೆಂಟಂಶ (3/8) ಇಂಚಿನ, ಇಂಚಿಗೆ 16 ಸುತ್ತಿನ ಥ್ರೆಡ್. ಆದ್ದರಿಂದ ಮೂವತ್ತು ವರ್ಷ ಹಳೆಯ ಟ್ರೈಪಾಡಿನ ಮೇಲೆ ಇಂದಿನ ಕ್ಯಾಮೆರಾ ತೊಂದರೆಯಿಲ್ಲದೆ ಕೂರುತ್ತದೆ.

ಈ ಉಪಕರಣದ ಹೆಸರಾಂತ ತಯಾರಕರ ಚರಿತ್ರೆಯೂ ದೀರ್ಘವಾದುದು. 1917ರಲ್ಲಿ ಫ್ರಾನ್ಸಿನಲ್ಲಿ ಆರ್ಸೆನ್ ಗಿಟ್ಜ್‌ಹೋವೆನ್ ಸ್ಥಾಪಿಸಿದ ಗಿಟ್ಜೋ ಸಂಸ್ಥೆ 1950ರ ದಶಕದಲ್ಲಿ ಟ್ರೈಪಾಡ್ ತಯಾರಿಕೆಗೆ ತೊಡಗಿತು. ಇಟಲಿಯ ಬಸ್ಸಾನೋ ದೆಲ್ ಗ್ರಾಪ್ಪಾ ಪಟ್ಟಣದ ಛಾಯಾಗ್ರಾಹಕ ಲೀನೋ ಮ್ಯಾನ್‌ಫ್ರೊಟ್ಟೊ ತಮ್ಮ ಹೆಸರಿನ ಸಂಸ್ಥೆಯನ್ನು 1972ರಲ್ಲಿ ಆರಂಭಿಸಿ, 1974ರಲ್ಲಿ ಮೊದಲ ಟ್ರೈಪಾಡನ್ನು ಹೊರತಂದರು. ಇಂತಹ ತಯಾರಕರ ಟ್ರೈಪಾಡುಗಳನ್ನು ಬಿಚ್ಚಿ ಮತ್ತೆ ಜೋಡಿಸಲು ಬರುತ್ತದೆ. ಬಳಸಿದ ವಸ್ತುವಿನ ಖರೀದಿಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ಬೆಲೆಯ ದೃಷ್ಟಿಯಿಂದ ಇನ್ನೊಂದು ಅಂಶ ಮುಖ್ಯ. ಮದುವೆ, ಪ್ರವಾಸ, ವನ್ಯಜೀವಿಗಳ ಚಿತ್ರ ತೆಗೆಯುವವರು ಉಪಕರಣವನ್ನು ಹೊತ್ತು ತಿರುಗಬೇಕು. ಅವರು ಹಗುರವಾದುದಕ್ಕೆ ಹೆಚ್ಚು ಹಣ ಕೊಡಲು ಸಿದ್ಧ. ಗಿಟ್ಜೋ 1994ರಲ್ಲಿ ಕಾರ್ಬನ್ ಫೈಬರ್ ಕಾಲುಗಳ ಟ್ರೈಪಾಡನ್ನು ಪರಿಚಯಿಸಿದ ಮೇಲೆ ಅಲ್ಯೂಮಿನಿಯಂನ ಭಾರವಾದ ಮಾದರಿಗಳು ಕ್ರಮೇಣ ಅಂತಹವರ ಒಲವನ್ನು ಕಳೆದುಕೊಂಡವು. ಆದರೆ ಕಾರ್ಖಾನೆಯ ಒಂದು ಮೂಲೆಯಲ್ಲಿ ಸ್ಥಿರವಾಗಿ ನಿಲ್ಲುವ ಟ್ರೈಪಾಡಿಗೆ ತೂಕ ದೋಷವಲ್ಲ. ಮಾರುವವರಿಗೆ ಹೊರೆಯಾದ ತೂಕವೇ ಕೊಳ್ಳುವ ಉದ್ದಿಮೆದಾರರಿಗೆ ಗುಣವಾಗಿ ಒದಗುತ್ತದೆ. ಕಾರ್ಬನ್ ಫೈಬರಿನ ಒಳಬಿರುಕು ಕಣ್ಣಿಗೆ ಸುಲಭವಾಗಿ ಕಾಣದು. ಅಲ್ಯೂಮಿನಿಯಂ ಕೊಳವೆಯ ತಗ್ಗು, ಬಾಗು ಹೊರಗೇ ಕಾಣುತ್ತದೆ. ಆದ್ದರಿಂದ ಒಳಾಂಗಣ ಕೆಲಸಕ್ಕೆ ಹಳೆಯ ಅಲ್ಯೂಮಿನಿಯಂ ಮಾದರಿಯೇ ಸೂಕ್ತ.

ದೃಢತೆಯ ಮೂಲ

ಮೂರು ಕಾಲಿನ ಪೀಠ ಏರುತಗ್ಗಿನ ನೆಲದ ಮೇಲೂ ಅಲುಗದು. ಯಾವುದೇ ಮೂರು ಬಿಂದುಗಳು ಒಂದೇ ಸಮತಲದಲ್ಲಿರುವುದೇ ಇದಕ್ಕೆ ಕಾರಣ. ಹಳೆಯ ಮನೆಗಳ ಮುಕ್ಕಾಲಿಯ ತತ್ತ್ವವೂ ಇದೇ. ಆದರೆ ನಿಲ್ಲುವುದು ಬೇರೆ, ನಡುಗದಿರುವುದು ಬೇರೆ. ನಡುಗದಿರುವ ಗುಣ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ.

ಮೊದಲನೆಯದು ಕೊಳವೆಯ ವ್ಯಾಸ. ಗೋಡೆಯ ದಪ್ಪ ಅಷ್ಟೇ ಇರುವ ತೆಳು ಕೊಳವೆಯ ವ್ಯಾಸ ಇಮ್ಮಡಿಯಾದರೆ ಬಾಗುವಿಕೆಗೆ ಅದು ತೋರುವ ಪ್ರತಿರೋಧ ಸುಮಾರು ಎಂಟು ಪಟ್ಟಾಗುತ್ತದೆ. ಕೊನೆಯ, ಅತಿ ಸಣ್ಣ ಕೊಳವೆಯ ವ್ಯಾಸವನ್ನು ವರ್ನಿಯರಿನಿಂದ ಅಳೆದು ನೋಡುವುದು ಒಳ್ಳೆಯದು, ಏಕೆಂದರೆ ದೌರ್ಬಲ್ಯ ಅಲ್ಲಿಯೇ ಇರುತ್ತದೆ. ಎರಡನೆಯದು ಖಂಡಗಳ ಸಂಖ್ಯೆ. ಪ್ರತಿ ಜೋಡಣೆಯೂ ಸಡಿಲಗೊಳ್ಳಬಹುದಾದ ಸ್ಥಳ. ನಾಲ್ಕೈದು ಖಂಡಗಳಿಗಿಂತ ಮೂರು ಖಂಡಗಳ ಕಾಲು ಲೇಸು. ಮೂರನೆಯದು ಕಾಲಿನ ಆಕಾರ. ಒಂದು ಬದಿ ತೆರೆದಿರುವ ತಗಡಿನ ಚಾನೆಲ್ ಕಾಲು, ಮುಚ್ಚಿದ ಕೊಳವೆಗೆ ಹೋಲಿಸಿದರೆ ತಿರುಚುವಿಕೆಗೆ ಬಹುಬೇಗ ಮಣಿಯುತ್ತದೆ. ಅಂತಹ ಕಾಲುಗಳೂ ಪ್ಲಾಸ್ಟಿಕ್ ಕೀಲುಗಳೂ ಇರುವ ಟ್ರೈಪಾಡನ್ನು ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳದಿರುವುದೇ ಕ್ಷೇಮ. ನಾಲ್ಕನೆಯದು ನಡುಕಂಬ. ಅದನ್ನು ಮೇಲೆತ್ತಿದರೆ ಮೂರು ಕಾಲಿನ ಬಲ ಒಂಟಿ ಕಾಲಿಗೆ ಇಳಿಯುತ್ತದೆ. ಆದ್ದರಿಂದ ನಡುಕಂಬ ಎತ್ತದೆಯೇ ಬೇಕಾದ ಎತ್ತರ ಸಿಗುವ ಮಾದರಿಯನ್ನು ಆರಿಸಬೇಕು.

ತಯಾರಕರು ನಮೂದಿಸುವ ಭಾರದ ಮಿತಿಯನ್ನು ಅಳೆಯಲು ಎಲ್ಲರೂ ಒಪ್ಪಿ ನಡೆಯುವ ಒಂದೇ ಪರೀಕ್ಷಾ ಕ್ರಮವಿಲ್ಲ. ಕ್ಯಾಮೆರಾ ಮತ್ತು ಲೆನ್ಸಿನ ಒಟ್ಟು ತೂಕದ ಕನಿಷ್ಠ ಎರಡು ಪಟ್ಟು ಮಿತಿಯಿರುವುದನ್ನು ಕೊಂಡರೆ ಚಿಂತೆಯಿಲ್ಲ. ಉದಾಹರಣೆಗೆ ಮ್ಯಾನ್‌ಫ್ರೊಟ್ಟೊ 055ಎಕ್ಸ್‌ಪ್ರೋಬಿ ಎಂಬ ಹಳೆಯ ಅಲ್ಯೂಮಿನಿಯಂ ಮಾದರಿಯ ಮೂರು ಖಂಡಗಳ ಕಾಲುಗಳು ಹೆಡ್ ಇಲ್ಲದೆ ಸುಮಾರು 2.4 ಕಿ.ಗ್ರಾಂ. ತೂಗುತ್ತವೆ, ತಯಾರಕರು ಹೇಳಿದ ಮಿತಿ 7 ಕಿ.ಗ್ರಾಂ. ಸಾಧಾರಣ ಕ್ಯಾಮೆರಾಕ್ಕೆ ಇದು ಧಾರಾಳವಾಗಿ ಸಾಕು.

ಕೊಳ್ಳುವ ಮುನ್ನ ಪರೀಕ್ಷೆ

ಬಳಸಿದ ಲೇತ್ ಯಂತ್ರ ಕೊಳ್ಳುವವರು ಬಣ್ಣ ನೋಡಿ ಮರುಳಾಗುವುದಿಲ್ಲ. ಸ್ಲೈಡಿನಲ್ಲಿ ಪ್ಲೇ ಎಷ್ಟಿದೆ, ಬೇರಿಂಗ್ ಸದ್ದು ಮಾಡುತ್ತದೆಯೇ ಎಂದು ನೋಡುತ್ತಾರೆ. ಟ್ರೈಪಾಡಿಗೂ ಅದೇ ಕಣ್ಣು ಬೇಕು. ಕೆಳಗಿನ ಪರೀಕ್ಷೆಗಳಿಗೆ ಹದಿನೈದು ನಿಮಿಷ ಸಾಕು.

1. ಮೊದಲು ಮೂರೂ ಕಾಲುಗಳನ್ನು ಮಡಿಸಿಟ್ಟು ಅವುಗಳ ಉದ್ದ ಸಮವಾಗಿದೆಯೇ ಎಂದು ನೋಡಬೇಕು. ಕಾಲುಗಳು ಸೇರುವ ಎರಕದ ಭಾಗದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಖರೀದಿಯ ಮಾತನ್ನೇ ಬಿಡಬೇಕು. ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಸಂದೇಹ ಪಡಬೇಕು.

2. ಎಲ್ಲ ಖಂಡಗಳನ್ನೂ ಹೊರಗೆಳೆದು ಲಾಕ್ ಮಾಡಿ, ಪ್ರತಿ ಲಾಕಿನ ಅಂಚಿನಲ್ಲಿ ಒಳಕೊಳವೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ನಂತರ ಎರಡೂ ಅಂಗೈಗಳನ್ನು ಮೇಲಿಟ್ಟು ಒಂದು ನಿಮಿಷ ಭಾರ ಹಾಕಬೇಕು. ಗೆರೆ ಒಳಗೆ ಸರಿದಿದ್ದರೆ ಆ ಲಾಕ್ ಜಾರುತ್ತಿದೆಯೆಂದು ಅರ್ಥ.

3. ಮೇಲ್ಭಾಗವನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ ನೋಡಬೇಕು. ಸಡಿಲವೆನಿಸಿದರೆ ಒಂದೊಂದು ಜೋಡಣೆಯ ಮೇಲೆ ಬೆರಳಿಟ್ಟು ಮತ್ತೆ ತಿರುಚಿದಾಗ ದೋಷ ಯಾವ ಜೋಡಣೆಯದೆಂದು ಬೆರಳಿಗೇ ತಿಳಿಯುತ್ತದೆ.

4. ಒಂದು ಕಾಲನ್ನು ಅರ್ಧ ಮೇಲೆತ್ತಿ ಬಿಟ್ಟರೆ ಅದು ಅಲ್ಲಿಯೇ ನಿಲ್ಲಬೇಕು. ತಾನಾಗಿ ಬಿದ್ದರೆ ಮೇಲಿನ ಕೀಲಿನ ಬೋಲ್ಟ್ ಸಡಿಲವಾಗಿದೆ. ಬಿಗಿ ಮಾಡಿದ ಮೇಲೆ ನಿಂತರೆ ದೋಷ ಅಲ್ಪ. ಆಗಲೂ ಬಿದ್ದರೆ ಬುಷ್ ಸವೆದಿದೆ.

5. ಹೆಡ್ಡಿನ ಮೇಲೆ ಕ್ಯಾಮೆರಾ ಕೂರಿಸಿ, ಮುಂದಕ್ಕೆ ಬಾಗಿಸಿ ಬಿಗಿಯಬೇಕು. ಹೆಡ್ಡಿಗೆ ಸಣ್ಣ ಲೇಸರ್ ದೀಪವೊಂದನ್ನು ಟೇಪಿನಿಂದ ಅಂಟಿಸಿ 5 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕೆ ಬೀಳುವಂತೆ ಮಾಡಿದರೆ, ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದರೂ ಚುಕ್ಕೆ ಸುಮಾರು 9 ಮಿ.ಮೀ. ಕೆಳಗಿಳಿಯುತ್ತದೆ. ಬಿಗಿದ ನಂತರವೂ ಚುಕ್ಕೆ ಇಳಿಯುತ್ತಲೇ ಇದ್ದರೆ ಆ ಹೆಡ್ ನಂಬಲರ್ಹವಲ್ಲ.

6. ಕೊನೆಯದಾಗಿ ಕ್ಯಾಮೆರಾದ ಪರದೆಯಲ್ಲಿ ದೂರದ ಅಕ್ಷರವೊಂದನ್ನು ಹತ್ತು ಪಟ್ಟು ಹಿಗ್ಗಿಸಿ, ಒಂದು ಕಾಲನ್ನು ಬೆರಳಿನಿಂದ ತಟ್ಟಬೇಕು. ಅಕ್ಷರ ಒಂದೆರಡು ಸೆಕೆಂಡಿನಲ್ಲಿ ನಿಶ್ಚಲವಾದರೆ ಟ್ರೈಪಾಡ್ ಉತ್ತಮವಾಗಿದೆ. ನಡುಕ ಬಹಳ ಹೊತ್ತು ಮುಂದುವರಿದರೆ ಬೇರೊಂದನ್ನು ಹುಡುಕುವುದು ಲೇಸು.

ಮಾರಾಟಗಾರರು ಪರೀಕ್ಷೆಗೆ ಅವಕಾಶ ಕೊಡದಿದ್ದರೆ ಅಲ್ಲಿ ಕೊಳ್ಳಬಾರದು. ಚಿತ್ರ ನೋಡಿ ದೂರದಿಂದ ತರಿಸುವುದಾದರೆ ಹಿಂದಿರುಗಿಸುವ ಅವಧಿಯನ್ನು ಮೊದಲೇ ಬರಹದಲ್ಲಿ ಪಡೆಯಬೇಕು.

ಹೆಡ್, ತಟ್ಟೆ ಮತ್ತು ಥ್ರೆಡ್

ಕ್ಯಾಮೆರಾದ ತಳಕ್ಕೆ ಬಿಗಿದು ಹೆಡ್ಡಿಗೆ ಸಿಕ್ಕಿಸುವ ಸಣ್ಣ ತಟ್ಟೆ ಹಳೆಯ ಟ್ರೈಪಾಡಿನೊಡನೆ ಬಹಳ ಸಲ ಇರುವುದಿಲ್ಲ. ಅದಿಲ್ಲದೆ ಹೆಡ್ ನಿರುಪಯುಕ್ತ. ಮ್ಯಾನ್‌ಫ್ರೊಟ್ಟೊದ ಆರ್‌ಸಿ2 ವ್ಯವಸ್ಥೆಗೆ 200ಪಿಎಲ್ ತಟ್ಟೆ, ಆರ್ಕಾ ಮಾದರಿಯ ಹೆಡ್ಡಿಗೆ ಸುಮಾರು 38 ಮಿ.ಮೀ. ಅಗಲದ ತಟ್ಟೆ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಹೆಸರು ತಿಳಿಯದ ಹೆಡ್ಡಾದರೆ ತಟ್ಟೆ ಸಿಗುವುದೆಂದು ಖಚಿತವಾದ ನಂತರವೇ ಹಣ ಕೊಡಬೇಕು. ಕಾಲುಗಳು ದೃಢವಾಗಿದ್ದು ಹೆಡ್ ಮಾತ್ರ ಕೆಟ್ಟಿದ್ದರೆ, ಕಾಲುಗಳ ಬೆಲೆಯನ್ನಷ್ಟೇ ಕೊಟ್ಟು ಹೆಡ್ಡನ್ನು ಹೊಸದಾಗಿ ಕೊಳ್ಳಬಹುದು.

ಕಾರ್ಯಾಗಾರವುಳ್ಳವರು ಒಂದು ತಪ್ಪನ್ನು ಮಾಡಬಾರದು. ಕಳೆದುಹೋದ ಕಾಲು ಇಂಚಿನ ಸ್ಕ್ರೂವಿನ ಬದಲು ಕೈಗೆ ಸಿಕ್ಕ ಎಂ6 ಬೋಲ್ಟನ್ನು ತೊಡಿಸುವ ಆಸೆ ಸಹಜ. ಎಂ6ರ ವ್ಯಾಸ 6 ಮಿ.ಮೀ., ಸುತ್ತಿನ ಅಂತರ 1 ಮಿ.ಮೀ.; ಕಾಲು ಇಂಚಿನದು ಕ್ರಮವಾಗಿ 6.35 ಮತ್ತು 1.27 ಮಿ.ಮೀ. ಎರಡೂ ಕಣ್ಣಿಗೆ ಒಂದೇ ಎನಿಸಿದರೂ ಬಲವಂತ ಮಾಡಿದರೆ ಹಾಳಾಗುವುದು ಬೆಲೆಬಾಳುವ ಕ್ಯಾಮೆರಾದ ತಳ. ಭೂಮಾಪನದ ಹಳೆಯ ಟ್ರೈಪಾಡುಗಳು ಬಹಳ ಗಟ್ಟಿಯಾಗಿದ್ದರೂ ಅವುಗಳ ಸ್ಕ್ರೂ ಸಾಮಾನ್ಯವಾಗಿ ಐದೆಂಟಂಶ (5/8) ಇಂಚಿನದು. ಅಡಾಪ್ಟರ್ ಇಲ್ಲದೆ ಅವು ಈ ಕೆಲಸಕ್ಕೆ ಬಾರವು.

ದುರಸ್ತಿ ಸಾಧ್ಯವಿರುವ ದೋಷಗಳು

ಲಿವರ್ ಲಾಕ್ ಜಾರುತ್ತಿದ್ದರೆ ಬಹಳ ಸಲ ಅದರ ನಟ್ಟನ್ನು ಬಿಗಿ ಮಾಡಿದರೆ ಸಾಕಾಗುತ್ತದೆ. ತಿರುಗಿಸುವ ಲಾಕಿನೊಳಗೆ ಮಣ್ಣು ಸೇರಿದ್ದರೆ ಬಿಚ್ಚಿ, ಸಾಬೂನಿನ ನೀರಿನಲ್ಲಿ ತೊಳೆದು, ಪೂರ್ಣ ಒಣಗಿಸಿ ಜೋಡಿಸಬೇಕು. ಕೊಳವೆಗಳಿಗೆ ಎಣ್ಣೆ ಹಚ್ಚಲೇಬಾರದು. ಎಣ್ಣೆ ಹಚ್ಚಿದರೆ ಲಾಕಿನ ಹಿಡಿತವೇ ತಪ್ಪುತ್ತದೆ. ಸವೆದ ಪ್ಲಾಸ್ಟಿಕ್ ಬುಷ್ಷನ್ನು ಅಳತೆ ಕೊಟ್ಟು ನೈಲಾನಿನಲ್ಲಿ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ರಬ್ಬರ್ ಪಾದ ಹೋಗಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಊರುಗೋಲಿನ ರಬ್ಬರ್ ಬುಷ್, ಒಳವ್ಯಾಸ ಹೊಂದಿದರೆ, ಆ ಕೆಲಸಕ್ಕೆ ಸಾಕು. ಎರಕದ ಬಿರುಕು, ಬಾಗಿದ ಕೊಳವೆ, ಉಪ್ಪುಗಾಳಿಗೆ ತುಕ್ಕಿನ ಗುಳಿ ಬಿದ್ದ ಕೊಳವೆ, ಇವು ದುರಸ್ತಿಗೆ ತಕ್ಕವಲ್ಲ. ಕರಾವಳಿಯಲ್ಲಿ ಬಳಕೆಯಾದುದನ್ನು ಕೊಳ್ಳುವಾಗ ಒಳಕೊಳವೆಗಳನ್ನು ಪೂರ್ತಿ ಹೊರಗೆಳೆದು ನೋಡುವುದು ಅಗತ್ಯ.

ಬೆಲೆ, ಬಿಲ್ಲು ಮತ್ತು ತೆರಿಗೆ

ಹೊಸದರ ಬೆಲೆಯೊಡನೆ ಹೋಲಿಸುವಾಗ ಜಿಎಸ್‌ಟಿ ನೋಂದಣಿ ಇರುವ ಉದ್ದಿಮೆದಾರರು ಇನ್‌ಪುಟ್ ತೆರಿಗೆ ಜಮೆಯನ್ನು ಮರೆಯಬಾರದು. ಹೊಸ ಟ್ರೈಪಾಡಿನ ಬಿಲ್ಲು 11,800 ರೂ. ಆಗಿದ್ದು ಅದರಲ್ಲಿ 1,800 ರೂ. ತೆರಿಗೆ ಎಂದಿಟ್ಟುಕೊಂಡರೆ, ಉದ್ದಿಮೆಗಾಗಿ ಕೊಂಡು ಜಮೆ ಪಡೆಯುವವರಿಗೆ ನಿಜವಾದ ವೆಚ್ಚ 10,000 ರೂ. ಮಾತ್ರ. ಖಾಸಗಿ ವ್ಯಕ್ತಿಯಿಂದ ಕೊಂಡಾಗ ಜಮೆಯ ಪ್ರಶ್ನೆಯೇ ಇಲ್ಲ. ಬಳಸಿದ ಸರಕಿನ ನೋಂದಾಯಿತ ವ್ಯಾಪಾರಿಗಳಿಗೆ, ತಾವು ಕೊಂಡಾಗ ಜಮೆ ಪಡೆಯದಿದ್ದರೆ, ಸಿಜಿಎಸ್‌ಟಿ ನಿಯಮ 32(5)ರ ಪ್ರಕಾರ ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶವಿದೆ. ಅಂತಹ ಬಿಲ್ಲಿನಲ್ಲಿ ಪೂರ್ಣ ಬೆಲೆಯ ಮೇಲಿನ ಜಮೆಯನ್ನು ನಿರೀಕ್ಷಿಸುವಂತಿಲ್ಲ. ಹೀಗಾಗಿ ಮೇಲಿನ ಉದಾಹರಣೆಯಲ್ಲಿ ಬಳಸಿದುದಕ್ಕೆ 9,000 ರೂ. ಕೊಟ್ಟರೆ ಉಳಿತಾಯ 2,800 ರೂ. ಅಲ್ಲ, ಕೇವಲ 1,000 ರೂ. ತಟ್ಟೆ, ಬುಷ್, ರಬ್ಬರಿನ ಖರ್ಚು ಸೇರಿದರೆ ಅದೂ ಉಳಿಯದೇ ಹೋಗಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲದ ಕಾರಣ ಅವರು 11,800 ರೂಪಾಯಿಯೊಡನೆಯೇ ಹೋಲಿಸಬೇಕು.

ಸಂತೆಯಲ್ಲಾಗಲಿ, ವ್ಯಕ್ತಿಯಿಂದಾಗಲಿ ಕೊಂಡಾಗಲೂ ದಾಖಲೆ ಇರಬೇಕು. ಮಾರಿದವರ ಹೆಸರು, ವಿಳಾಸ, ಸಹಿ, ಮಾದರಿಯ ಹೆಸರು ಮತ್ತು ಸಂಖ್ಯೆ, ದಿನಾಂಕ ಇವಿಷ್ಟನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಕಳವಿನದೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಳ್ಳುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಪ್ರಕರಣದಂತೆ ಅಪರಾಧ. ರಸೀದಿ ಕೊಡಲು ಹಿಂಜರಿಯುವವರಿಂದ ದೂರವಿರುವುದೇ ಕ್ಷೇಮ. 10,000 ರೂ. ಮೀರಿದ ಬೆಲೆಯನ್ನು ಒಂದೇ ದಿನ ಒಬ್ಬರಿಗೆ ನಗದಾಗಿ ಕೊಟ್ಟರೆ, 2017-18ರ ಆರ್ಥಿಕ ವರ್ಷದಿಂದ ಅನ್ವಯವಾದ ಆದಾಯ ತೆರಿಗೆ ನಿಯಮದಂತೆ ಆ ಮೊತ್ತ ಸ್ವತ್ತಿನ ವೆಚ್ಚವಾಗಿ ಪರಿಗಣಿತವಾಗದು, ಸವಕಳಿಯೂ ದೊರೆಯದು. ಬ್ಯಾಂಕ್ ಮೂಲಕ ಪಾವತಿಸಿದರೆ ಲೆಕ್ಕವೂ ಸರಿ, ದಾಖಲೆಯೂ ಭದ್ರ.

ಒಟ್ಟಿನಲ್ಲಿ ದಪ್ಪ ಕೊಳವೆಯ, ಮೂರು ಖಂಡಗಳ, ಬಿಚ್ಚಿ ಜೋಡಿಸಬಲ್ಲ, ತಟ್ಟೆ ಸಿಗುವ ಅಲ್ಯೂಮಿನಿಯಂ ಟ್ರೈಪಾಡ್ ಪರೀಕ್ಷೆಯಲ್ಲಿ ಪಾಸಾಗಿ, ದುರಸ್ತಿಯ ಖರ್ಚು ಸೇರಿಸಿದರೂ ಹೊಸದರ ನಿಜವೆಚ್ಚದ ಅರ್ಧದೊಳಗೆ ದೊರೆಯುವುದಾದರೆ ಅದನ್ನು ಕೊಳ್ಳುವುದು ವಿವೇಕದ ವ್ಯವಹಾರ. ಬೆಲೆ ಅದಕ್ಕೂ ಮೇಲೇರಿದರೆ ಬಿಲ್ಲು, ಜಮೆ, ಖಾತರಿ ಮೂರೂ ಇರುವ ಹೊಸದೇ ಮೇಲು. ಕೊಂಡ ನಂತರ ಕ್ಯಾಮೆರಾದ ಎರಡು ಸೆಕೆಂಡಿನ ಟೈಮರ್ ಬಳಸಿ, ಗುಂಡಿ ಒತ್ತಿದ ಕೈಯ ನಡುಕ ನಿಂತ ಮೇಲೆ ಚಿತ್ರ ಮೂಡುವಂತೆ ಮಾಡುವುದನ್ನು ರೂಢಿಸಿಕೊಂಡರೆ ಈ ವೆಚ್ಚದ ಪೂರ್ಣ ಫಲ ದೊರೆಯುತ್ತದೆ.